ಒಂದು ಸೋಬಾನೆ ಮಟ್ಟಿನ ಮೂಲ ಮತ್ತು ಭೇದಗಳು

ಹಾಡಿಗೆ ಅಂಗಗಳು ಎರಡು: ಮಾತು ಮತ್ತು ಮಟ್ಟು. ನಮ್ಮ ಪಠ್ಯಪುಸ್ತಕಗಳಲ್ಲಿ ಜನಪದ ಗೀತೆಗಳ ಮಾತಿಗೆ ದೊರೆತ ಗೌರವ ಮಟ್ಟಿಗೆ ದೊರೆತಿಲ್ಲ. ನಾಯಕನಹಟ್ಟಿ ಸೀಮೆಯ ನಮ್ಮ ಗೊಲ್ಲರಹಟ್ಟಿಯಲ್ಲಿ ಕೇಳಿಬರುವ ಒಂದು ಮಟ್ಟನ್ನು ಕುರಿತು ನನಗೆ ತಿಳಿದಷ್ಟನ್ನು ವಾಚಕರ ಮುಂದೆ ಇಡುತ್ತೇನೆ.

ಈ ಮಟ್ಟಿಗೆ ಹೊಂದುವ ಪದ್ಯ ತ್ರಿಪದಿ. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗಣ, ಕೊನೆಯದರಲ್ಲಿ ಮೂರು, ಒಟ್ಟು 11. ಇವುಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಷ್ಟು ಹಿಂದೆಯೇ, ಈ ಛಂದಸ್ಸು ಕಲ್ಲಿನ ಮೇಲೆ ಮೂಡಿದೆ. ಓದುವಾಗ ಮೂರು ಸಾಲಿನದಾದ ಈ ಪದ್ಯ ಹಾಡುವಾಗ ನಾಲ್ಕಾಗುತ್ತದೆ. ಎರಡನೆಯ ಸಾಲನ್ನು ಮರಳಿ ಹಿಡಿದು ಮೂರನೆಯದಕ್ಕೆ ದಾಟುವುದು ವಾಡಿಕೆ. ಇದು ಮಟ್ಟಿನ ಬೇಡಿಕೆಯೇ ಹೊರತು ಮಾತಿನದಲ್ಲ.

ನಾನು ಕೇಳಿದಂತೆ ಈ ಮಟ್ಟಿಗೆ ಮೂರು ರೂಪಗಳಿವೆ. ಮೊದಲನೆಯದು ನಮ್ಮಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದದ್ದು. ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಎರಡು ಗಣ ಮುಗಿಯುತ್ತವೆ. ಮೂರು ಗಣದ ಕೊನೆಯ ಸಾಲಿನಲ್ಲಿ ಒಂದು ಗಣದ ಕಾಲ ಮಿಗುತ್ತದೆ. ಆಗ ಎಡಗೈ ಕಲ್ಲಿನ ಬಾಯಿಗೆ ಹಿಡಿ ರಾಗಿ ಸುರಿಯುತ್ತದೆ, ಉಸಿರೂ ಬದಲಾಗುತ್ತದೆ.

ಎರಡನೆಯದು ಹಸೆಯ ಮುಂದಿನ ಸೋಬಾನೆ. ಹೆಂಗಸರು ಎರಡು ಗುಂಪಾಗಿ, ಒಬ್ಬರ ಸಾಲಿನ ತುದಿಯನ್ನು ಇನ್ನೊಬ್ಬರು ಹಿಡಿದು, ನಿಧಾನವಾಗಿ ಹಾಡುತ್ತಾರೆ.

ಮೂರನೆಯದು ಗಣೆಯದು. ಜುಂಜಪ್ಪನ ಕಥೆಗೆ ಒದಗುವ ಉದ್ದನೆಯ ಬಿದಿರಿನ ಕೊಳಲೇ ಗಣೆ. ಹಾಡುವ ಬಾಯಿಯೇ ಊದಬೇಕಾದ್ದರಿಂದ ಹಾಡೂ ಗಣೆಯೂ ಸರದಿಯಂತೆ ಬರುತ್ತವೆ. ನಾನು ಕೇಳಿದ ಗಣೆಗಾರರು ಮರಳಿ ಬರುವ ಸಾಲನ್ನು ಹಾಡಲೇ ಇಲ್ಲ, ಗಣೆಗೆ ಬಿಟ್ಟುಕೊಟ್ಟರು!

ಇವುಗಳಲ್ಲಿ ಮೂಲ ಯಾವುದು? ನಮ್ಮ ಗುರುಗಳೊಬ್ಬರು ಸೋಬಾನೆಯೆಂದರು. ನಾನು ವಿನಯದಿಂದ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ಸೋಬಾನೆಯಲ್ಲಿ ಉಸಿರಿಗಾಗಿ ನಿಲ್ಲಬೇಕಾದ ಅಗತ್ಯವೇ ಇಲ್ಲ, ಮುಂದುವರಿಸಲು ಇನ್ನೊಂದು ಗುಂಪು ಸಿದ್ಧವಾಗಿರುತ್ತದೆ. ಆದರೂ ಕೊನೆಯ ಸ್ವರವನ್ನು ಸರಿಯಾಗಿ ಒಂದು ಗಣದಷ್ಟು ಎಳೆಯುತ್ತಾರೆ. ಆ ತೆರಪಿಗೆ ಕೆಲಸವಿದ್ದದ್ದು ಬೀಸುವ ಕಲ್ಲಿನ ಮುಂದೆ ಮಾತ್ರ.

ಐರ್ಲೆಂಡಿನ ಪಿಟೀಲು ಮಟ್ಟುಗಳನ್ನು ಷಿಕಾಗೋ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಓನೀಲ್ ಸಂಗ್ರಹಿಸಿ, 1903ರಲ್ಲಿ 1850 ಮಟ್ಟುಗಳನ್ನು ಸ್ವರಲಿಪಿಯಲ್ಲಿ ಅಚ್ಚು ಮಾಡಿಸಿದನು. ನಮ್ಮಲ್ಲಿ 'ಗರತಿಯ ಹಾಡು' 1931ರಲ್ಲೇ ಬಂತು. ನಮ್ಮ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯವರ ಪದಗಳೂ ಪುಸ್ತಕವಾಗಿವೆ. ಅಚ್ಚಿನಲ್ಲಿ ಮಾತು ಉಳಿಯಿತು. ಮಟ್ಟು ಹಾಡುವವರ ಕೊರಳಲ್ಲೇ ಇದೆ.

ಹಿಟ್ಟಿನ ಗಿರಣಿ ಬಂದ ಮೇಲೆ ನಮ್ಮ ಮನೆಯ ಕಲ್ಲು ದನದ ಕೊಟ್ಟಿಗೆ ಸೇರಿತ್ತು. ಬರಿಗೈಯಲ್ಲಿ ಕುಳಿತು ಹಾಡೆಂದರೆ ಅಜ್ಜಿಗೆ ಸೋಬಾನೆಯ ಓಟವೇ ಬರುತ್ತದೆ. ಕಳೆದ ರಜೆಯಲ್ಲಿ ಕಲ್ಲನ್ನು ತೊಳೆದು ಗೂಟ ಹಿಡಿಸಿದಾಗ ಮಾತ್ರ ಹಳೆಯ ಮಟ್ಟು ಹೊರಟಿತು. ಒಂಬತ್ತು ತ್ರಿಪದಿಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡಿದ್ದೇನೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸಹಪಾಠಿಗಳ ಮನೆಯಲ್ಲಿ ಕಲ್ಲೂ ಬೀಸಿದವರೂ ಇನ್ನೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಕು.