ಡಿಸ್ಕ್ ಬದಲಾದ ಮೇಲೆ ವಿಂಡೋಸ್ ಲೈಸೆನ್ಸ್ ಎಲ್ಲಿಗೆ ಹೋಯಿತು?

ಹಳೆಯ ಲ್ಯಾಪ್‌ಟಾಪ್ ಚುರುಕಾಗಲೆಂದು ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುತ್ತೀರಿ. ವೇಗವೇನೋ ಬಂತು. ಆದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ ಬಂದು ಕೂತಿದೆ, ವಾಲ್‌ಪೇಪರ್ ಬದಲಿಸಲೂ ಬಿಡುತ್ತಿಲ್ಲ. ಅಂಗಡಿಯವರನ್ನು ಕೇಳಿದರೆ ‘ಹೊಸ ಕೀ ತಗೋಬೇಕು ಸರ್’ ಎನ್ನುತ್ತಾರೆ. ಹೆಚ್ಚಿನವರಿಗೆ ಅದು ಬೇಕಾಗಿಯೇ ಇರುವುದಿಲ್ಲ.

ಏಕೆಂದರೆ ನಿಮ್ಮ ಲೈಸೆನ್ಸ್ ಆ ಹಳೆಯ ಡಿಸ್ಕಿನಲ್ಲಿ ಇರಲೇ ಇಲ್ಲ. ವಿಂಡೋಸ್ 8 ಬಂದ 2012ರಿಂದೀಚೆಗೆ, ವಿಂಡೋಸ್ ಸಮೇತ ಮಾರಾಟವಾಗುವ ಲ್ಯಾಪ್‌ಟಾಪ್‌ಗಳ ಕೀಯನ್ನು ತಯಾರಕರು ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಬರೆದಿಟ್ಟಿರುತ್ತಾರೆ. ಜೊತೆಗೆ, ವಿಂಡೋಸ್ 10 ಅಥವಾ 11 ಒಮ್ಮೆ ಆಕ್ಟಿವೇಟ್ ಆದರೆ ಆ ಯಂತ್ರದ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗುತ್ತದೆ. ಇದೇ ಡಿಜಿಟಲ್ ಲೈಸೆನ್ಸ್. ಮದರ್‌ಬೋರ್ಡ್ ಬದಲಾದರೆ ಈ ಗುರುತು ತಪ್ಪುತ್ತದೆ. ಬರೀ ಡಿಸ್ಕ್ ಬದಲಾದರೆ ಸಾಮಾನ್ಯವಾಗಿ ತಪ್ಪುವುದಿಲ್ಲ.

ಮೊದಲು ಗಡಿಯಾರ ನೋಡಿ. ಲ್ಯಾಪ್‌ಟಾಪ್ ಬಿಚ್ಚಿದಾಗ ಒಳಗಿನ ಬ್ಯಾಟರಿಯ ಸಂಪರ್ಕ ತಪ್ಪಿ ದಿನಾಂಕ ಎಲ್ಲೋ ಹಿಂದಕ್ಕೆ ಹೋಗಿರಬಹುದು. ದಿನಾಂಕ ತಪ್ಪಿದ್ದರೆ ಸರ್ವರ್ ಜೊತೆ ಮಾತುಕತೆಯೇ ಸಾಗುವುದಿಲ್ಲ. ಅದನ್ನು ಸರಿಪಡಿಸಿ, ಇಂಟರ್ನೆಟ್ ಕೊಟ್ಟು, ಒಮ್ಮೆ ರೀಸ್ಟಾರ್ಟ್ ಮಾಡಿ.

ಆಮೇಲೂ ಆಗದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋಗಿ. ವಿಂಡೋಸ್ 10 ಆದರೆ ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’ಯೊಳಗೆ ಸಿಗುತ್ತದೆ. ಅಲ್ಲಿ ಕಾಣುವ ಎಡಿಶನ್ ಹೆಸರನ್ನು ಗುರುತು ಹಾಕಿಕೊಳ್ಳಿ. ನನ್ನ ಪ್ರಕಾರ ಬಹುಪಾಲು ತಕರಾರು ಇಲ್ಲಿಯೇ ಇದೆ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಲ್ಯಾಪ್‌ಟಾಪ್‌ಗಳ ಜೊತೆ ಬರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಇರುವುದು ಪ್ರೊ. ಎಲ್ಲರಿಗೂ ಅದನ್ನೇ ಹಾಕಿ ಕಳಿಸುತ್ತಾರೆ. ಹೋಮ್‌ಗೆ ಕೊಟ್ಟ ಲೈಸೆನ್ಸ್ ಪ್ರೊಗೆ ನಡೆಯುವುದಿಲ್ಲ. ನಿಮ್ಮದು ಮೂಲದಲ್ಲಿ ಯಾವುದಿತ್ತು ಎಂಬುದು ಖರೀದಿಯ ಬಿಲ್ಲಿನಲ್ಲೋ ಪೆಟ್ಟಿಗೆಯ ಮೇಲಿನ ಚೀಟಿಯಲ್ಲೋ ಇರುತ್ತದೆ.

ಇನ್ನೊಂದು ಪರೀಕ್ಷೆ ಇದೆ. ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ. ತೆರೆದ ಪುಟ್ಟ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನ ಎಸ್‌ಎಲ್‌ಎಂಜಿಆರ್ ಅಕ್ಷರಗಳನ್ನು ಬಿಡಿಸದೆ ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಮುಂದಕ್ಕೆ ಬಾಗಿದ ಸ್ಲ್ಯಾಶ್ ಹಾಕಿ ಡಿಎಲ್‌ಐ ಎಂದು ಸೇರಿಸಿ ಎಂಟರ್ ಕೊಡಿ. ಕೆಲವು ಕ್ಷಣಗಳಲ್ಲಿ ಬರುವ ಕಿಟಕಿಯ ಎರಡನೇ ಸಾಲು ನೋಡಿ. ‘ಒಇಎಂ’ ಎಂದಿದ್ದರೆ ತಯಾರಕರ ಲೈಸೆನ್ಸ್, ‘ರಿಟೇಲ್’ ಎಂದಿದ್ದರೆ ಬಿಡಿಯಾಗಿ ಕೊಂಡದ್ದು ಅಥವಾ ಡಿಜಿಟಲ್ ಲೈಸೆನ್ಸ್. ಮನೆಯ ಲ್ಯಾಪ್‌ಟಾಪ್‌ನಲ್ಲಿ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಬಂದರೆ ಅನುಮಾನಪಡಿ. ಅದು ದೊಡ್ಡ ಕಚೇರಿ, ಕಾಲೇಜುಗಳ ಯಂತ್ರಗಳಿಗೆ ಇರುವ ವ್ಯವಸ್ಥೆ. ಆ ಆಕ್ಟಿವೇಶನ್‌ನ ಆಯುಸ್ಸು 180 ದಿನ, ಕಾಲಕಾಲಕ್ಕೆ ಸಂಸ್ಥೆಯ ಸರ್ವರ್‌ನಿಂದ ನವೀಕರಣ ಆಗುತ್ತಿರಬೇಕು. ಮನೆಯಲ್ಲಿ ಅದು ಕಾಣಿಸಿದರೆ, ಯಾರೋ ಕಳ್ಳ ಆಕ್ಟಿವೇಟರ್ ಓಡಿಸಿರುವ ಸಾಧ್ಯತೆಯೇ ಹೆಚ್ಚು. ಅಂಥವನ್ನು ಓಡಿಸಲು ಆಂಟಿವೈರಸ್ ಆಫ್ ಮಾಡಬೇಕಾಗುತ್ತದೆ ಎಂಬುದೊಂದೇ ಸಾಕು, ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರಲು.

ಎಡಿಶನ್ ತಪ್ಪಿದ್ದರೆ ಪ್ರೊನಿಂದ ಹೋಮ್‌ಗೆ ಇಳಿಯಲು ಅಡ್ಡದಾರಿ ಇಲ್ಲ, ಮತ್ತೆ ಇನ್‌ಸ್ಟಾಲ್ ಮಾಡಬೇಕು. ಫೋಟೊ, ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಮೈಕ್ರೋಸಾಫ್ಟ್‌ನ ಜಾಲತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿಕೊಂಡು 8 ಜಿಬಿಯ ಖಾಲಿ ಪೆನ್‌ಡ್ರೈವ್ ಸಿದ್ಧಮಾಡಿ. ಇನ್‌ಸ್ಟಾಲರ್ ಸಾಮಾನ್ಯವಾಗಿ ಚಿಪ್‌ನಲ್ಲಿರುವ ಕೀಯನ್ನು ತಾನೇ ಓದಿ ಸರಿಯಾದ ಎಡಿಶನ್ ಹಾಕಿಕೊಳ್ಳುತ್ತದೆ. ಕೀ ಕೇಳಿದರೆ ‘ನನ್ನ ಬಳಿ ಕೀ ಇಲ್ಲ’ ಎಂಬುದನ್ನು ಆರಿಸಿ, ಲ್ಯಾಪ್‌ಟಾಪ್ ಜೊತೆ ಮೂಲದಲ್ಲಿ ಬಂದಿದ್ದ ಎಡಿಶನ್ ಅನ್ನೇ ಹುಡುಕಿ ಒತ್ತಿ.

ಎಡಿಶನ್ ಸರಿಯಿದ್ದೂ ಹಟ ಹಿಡಿದರೆ, ಆಕ್ಟಿವೇಶನ್ ಪುಟದ ಟ್ರಬಲ್‌ಶೂಟ್ ಒತ್ತಿ, ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬ ಅರ್ಥದ ಸಾಲನ್ನು ಆರಿಸಿ, ಹಳೆಯ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ. ಲೈಸೆನ್ಸ್ ಮೊದಲೇ ಆ ಖಾತೆಗೆ ಜೋಡಣೆಯಾಗಿದ್ದರಷ್ಟೇ ಇದು ಫಲಿಸುತ್ತದೆ.

ಲ್ಯಾಪ್‌ಟಾಪ್ ಅಡಿಯಲ್ಲಿ ಅಂಟಿಸಿರುವ ವಿಂಡೋಸ್ 7ರ ಕೀಯನ್ನು ನೆಚ್ಚಿಕೊಳ್ಳಬೇಡಿ. ಆ ಕೀಗಳಿಂದ ಹೊಸದಾಗಿ ಆಕ್ಟಿವೇಟ್ ಮಾಡುವ ದಾರಿಯನ್ನು ಮುಚ್ಚುತ್ತಿರುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಅದಕ್ಕೂ ಮೊದಲೇ ವಿಂಡೋಸ್ 10ಕ್ಕೆ ಏರಿಸಿಕೊಂಡಿದ್ದವರ ಡಿಜಿಟಲ್ ಲೈಸೆನ್ಸ್ ಮಾತ್ರ ಊರ್ಜಿತ.

ಡಿಸ್ಕ್ ಇನ್ನೂ ಬದಲಿಸಿಲ್ಲವೇ? ಹಾಗಾದರೆ ಅಂಗಡಿಗೆ ಹೋಗುವ ಮುನ್ನ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿಬಿಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದಿಲ್ಲದೆ ಹಳೆಯ ಡಿಸ್ಕನ್ನು ಹೊರಗಿನಿಂದ ಜೋಡಿಸಿದರೂ ಒಳಗಿನದು ತೆರೆಯದು. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುತ್ತಿದ್ದರೆ ಅದರ ಲೈಸೆನ್ಸನ್ನು ಹಳೆಯ ಡಿಸ್ಕ್ ಇರುವಾಗಲೇ ಸರೆಂಡರ್ ಮಾಡಿ. ನುಡಿ, ಬರಹದಲ್ಲಿ ಟೈಪಿಸಿದ ಹಳೆಯ ಕಡತಗಳಿದ್ದರೆ ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳಿ.