ಕಪ್ಪಿಗಿಂತ ಮಗು ದೊಡ್ಡದು



ಶಾಲೆ ಶುರುವಾದ ಮೇಲೆ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಒಂದರ ಹಿಂದೆ ಒಂದು ಬರುತ್ತವೆ. ಮಗಳು ಕಬಡ್ಡಿ ತಂಡಕ್ಕೆ ಆಯ್ಕೆಯಾದಳೆಂದರೆ ಮನೆಯವರಿಗೆಲ್ಲ ಖುಷಿ. ಈ ಖುಷಿಯಲ್ಲಿ ಒಂದು ಮಾತು ಮರೆತುಹೋಗುತ್ತೆ. ಆಟ ಇರುವುದು ಮಗುವಿಗಾಗಿ, ಮಗು ಇರುವುದು ಕಪ್ಪಿಗಾಗಿ ಅಲ್ಲ.

ಆಟ ಎಲ್ಲರಿಗೂ ಬೇಕು

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗಿಸಿ ಆಡಬೇಕು, ಓಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಕಬಡ್ಡಿ ಅಂಕಣದಲ್ಲಿ ಒಂದು ತಂಡಕ್ಕೆ 7 ಮಂದಿ ಮಾತ್ರ. ಗೆಲ್ಲುವವರಿಗಷ್ಟೇ ಮೈದಾನ ಅಂದರೆ ಉಳಿದ ಮಕ್ಕಳು ಗೋಡೆ ಪಕ್ಕ ಕೂತು ನೋಡೋದೇ ಆಯ್ತು.

ತೂಕಕ್ಕಾಗಿ ಉಪವಾಸ ಬೇಡ

ಕಿರಿಯರ ಕಬಡ್ಡಿಯಲ್ಲಿ ತೂಕದ ಮಿತಿ ಇರುತ್ತದೆ. ತೂಕ ಇಳಿಸಲು ಊಟ ಬಿಡುವ, ನೀರೂ ಕುಡಿಯದ ಮಕ್ಕಳಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಇಂಥ ಮೈಗೆ ಉಪವಾಸವೂ ಸೇರಿದರೆ ತಲೆಸುತ್ತು, ಸುಸ್ತು ಬರುತ್ತದೆ. ಆಡುವಷ್ಟಕ್ಕೆ ತಕ್ಕ ಊಟ ಬಹಳ ದಿನ ಸಿಗದಿದ್ದರೆ ಮುಟ್ಟು ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ "ಆಟ ಆಡ್ತಾಳಲ್ಲ, ಅದಕ್ಕೇ" ಅಂತ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ.

ಹೀಗೆ ಮಾಡಿದರೆ ಗೆಲ್ಲೋದು ಹೇಗೆ?

ನಾರ್ವೆ ದೇಶ 1987ರಲ್ಲೇ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮ ಮಾಡಿತು. ಅಲ್ಲಿ ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಅಂಕಪಟ್ಟಿ, ಸ್ಥಾನ ಎಂದು ಲೆಕ್ಕ ಹಾಕುವುದಿಲ್ಲ. ಅದೇ ನಾರ್ವೆ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಎಲ್ಲ ದೇಶಗಳಿಗಿಂತ ಮುಂದೆ ನಿಂತಿತು.

ತಾಯಂದಿರು ಏನು ಮಾಡಬಹುದು?

1. ಮಗು ಮನೆಗೆ ಬಂದ ಕೂಡಲೇ "ಗೆದ್ಯಾ?" ಅನ್ನಬೇಡಿ. "ಆಟ ಹೇಗಾಯ್ತು? ಎಲ್ಲಾದ್ರೂ ನೋವಾಯ್ತಾ?" ಎಂದು ಕೇಳಿ.
2. ಆಟದ ದಿನ ತಿಂಡಿ, ನೀರು ತಪ್ಪಿಸಬೇಡಿ. ರಾಗಿ, ಕಾಳು, ಸೊಪ್ಪು, ಶೇಂಗಾ, ಮೊಟ್ಟೆ ಕೊಡಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಿದಳಾ ಎಂದು ವಿಚಾರಿಸಿ.
3. ಮಂಡಿ ಊದಿದ್ದರೆ ಆಡಿಸಬೇಡಿ. ತಲೆಗೆ ಪೆಟ್ಟು ಬಿದ್ದರೆ ಆ ದಿನ ಆಟ ನಿಲ್ಲಿಸಿ. ವಾಂತಿ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.
4. ಹೆಣ್ಣುಮಕ್ಕಳು ಹೊರ ಊರಿಗೆ ಆಡಲು ಹೋಗುವಾಗ ಜೊತೆಗೆ ಶಿಕ್ಷಕಿ ಅಥವಾ ಒಬ್ಬ ತಾಯಿ ಇರಲಿ. ಯಾರಾದರೂ ಹೊಡೆದರೆ, ಕೆಟ್ಟದಾಗಿ ಮುಟ್ಟಿದರೆ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ಕಿರುಕುಳದ ವಿರುದ್ಧ 2012ರ ಪೋಕ್ಸೊ ಕಾಯ್ದೆ ಇದೆ.
5. ವಯಸ್ಸು ಕಡಿಮೆ ತೋರಿಸಿ ಆಡಿಸಲು ಒಪ್ಪಬೇಡಿ. ಅದರಿಂದ ಇನ್ನೊಂದು ಮಗುವಿನ ಅವಕಾಶ ಹೋಗುತ್ತದೆ, ನಮ್ಮ ಮಗು ಸುಳ್ಳು ಕಲಿಯುತ್ತದೆ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಶಾಲೆಯಲ್ಲಿ ಆಟದ ಪೀರಿಯಡ್ಡಿನಲ್ಲಿ ಎಲ್ಲ ಮಕ್ಕಳೂ ಆಡುತ್ತಾರಾ?
• ದೊಡ್ಡವರಾದ ಮೇಲೆ ಆಟ ಬಿಟ್ಟ ಹುಡುಗಿಯರು ಎಷ್ಟು ಮಂದಿ? ಯಾಕೆ ಬಿಟ್ಟರು?
• ಮೈದಾನದ ಹತ್ತಿರ ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇದೆಯಾ?

ಉತ್ತರಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆದು, ಇಬ್ಬರು ಸದಸ್ಯೆಯರು ಮುಂದಿನ ಎಸ್‌ಡಿಎಂಸಿ ಸಭೆಗೆ ತೆಗೆದುಕೊಂಡು ಹೋಗಲಿ.