ಚಿತ್ರ ಚೆಂದ, ಕತೆ ಯಾಕೆ ಸಪ್ಪೆ?

ಸಿನಿಮಾ ನೋಡಿ ಬಂದ ಗೆಳತಿಯರನ್ನು ಕೇಳಿದರೆ ‘ಕ್ಯಾಮೆರಾ ಸೂಪರ್, ಕತೆ ಸುಮಾರು’ ಎನ್ನುವವರೇ ಹೆಚ್ಚು. ಹೀಗೇಕೆ? ನನಗೆ ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

1997ರ ‘ಟೈಟಾನಿಕ್’ 11 ಆಸ್ಕರ್ ಗೆದ್ದಿತು. ಛಾಯಾಗ್ರಹಣ, ಕಲಾ ನಿರ್ದೇಶನ, ವಿಷುವಲ್ ಎಫೆಕ್ಟ್ಸ್ ಮೂರೂ ಅದರಲ್ಲಿ ಸೇರಿದ್ದವು. ಚಿತ್ರಕಥೆಗೆ ಮಾತ್ರ ನಾಮನಿರ್ದೇಶನವೂ ಸಿಗಲಿಲ್ಲ. 2009ರ ‘ಅವತಾರ್’ ಕೂಡ ಇದೇ ಮೂರು ವಿಭಾಗಗಳಲ್ಲಿ ಗೆದ್ದಿತು. ಚಿತ್ರಕಥೆಯ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಎರಡನ್ನೂ ಬರೆದು ನಿರ್ದೇಶಿಸಿದವರು ಜೇಮ್ಸ್ ಕ್ಯಾಮರೂನ್. ಅಂದರೆ ಪ್ರತಿಭೆಯ ಕೊರತೆಯೊಂದೇ ಇದಕ್ಕೆ ಕಾರಣವಲ್ಲ.

ನನಗೆ ಕಾಣುವ ಮೊದಲ ಕಾರಣ, ದೃಶ್ಯದ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಬೆಳಕು ಕಡಿಮೆಯಾದರೆ ಮಾನಿಟರ್‌ನಲ್ಲಿ ಗೊತ್ತಾಗುತ್ತದೆ. ಇನ್ನೊಂದು ಟೇಕ್ ತೆಗೆಯುತ್ತಾರೆ. ಕತೆಯ ತಪ್ಪು ಹಾಗಲ್ಲ. ಪಾತ್ರವೊಂದು ಹಾಗೇಕೆ ನಡೆದುಕೊಂಡಿತು ಎಂಬ ಪ್ರಶ್ನೆ ಎಷ್ಟೋ ಸಲ ಸಂಕಲನದ ಮೇಜಿನ ಮೇಲೆ ಏಳುತ್ತದೆ. ಅಷ್ಟರಲ್ಲಿ ಸೆಟ್ ಕಳಚಿರುತ್ತದೆ, ಹಣವೂ ಮುಗಿದಿರುತ್ತದೆ.

ಎರಡನೆಯದು ವ್ಯಾಪಾರ. ಪೋಸ್ಟರ್, ಟ್ರೈಲರ್‌ಗಳಲ್ಲಿ ಜನರನ್ನು ಸೆಳೆಯುವುದು ದೃಶ್ಯ. ಅದಕ್ಕೆ ಅನುವಾದ ಬೇಡ, ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಹೀಗಾಗಿ ಹಣವೂ ಅತ್ತಲೇ ಹರಿಯುತ್ತದೆ.

ಹಾಗಾದರೆ ಕತೆಯನ್ನು ಮೊದಲೇ ಪರೀಕ್ಷಿಸುವ ದಾರಿ ಇಲ್ಲವೇ? ಇದೆ, ಓದುಗರು. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ (2004) ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯನ್ನು ಆಧರಿಸಿದ ಚಿತ್ರ. ಗಂಡ ಕೈಬಿಟ್ಟ ಬಡ ತಾಯಿಯೊಬ್ಬಳು ನ್ಯಾಯ ಕೇಳುವ ಈ ಕತೆ ಕ್ಯಾಮೆರಾ ಮುಂದೆ ಬರುವ ಮೊದಲೇ ಓದುಗರ ಕೈ ದಾಟಿತ್ತು. ಅಂಥ ಪಾತ್ರಕ್ಕೆ ಜೀವ ತುಂಬಿದ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಕಾದಂಬರಿ, ಕತೆ ಆಧರಿಸಿದ ಸಿನಿಮಾಗಳೆಲ್ಲ ಗೆಲ್ಲುತ್ತವೆ ಎಂದಲ್ಲ. ಆದರೆ ಅವುಗಳ ಬೇರು ಒಮ್ಮೆ ಪರೀಕ್ಷೆಗೆ ಒಳಗಾಗಿರುತ್ತದೆ.

ನಮ್ಮಲ್ಲಿ ಹಲವರು ‘ಒಳ್ಳೆಯ ಕ್ಯಾಮೆರಾ ಇಲ್ಲ, ಸಿನಿಮಾ ನಮಗಲ್ಲ’ ಎಂದು ಆಸೆಯನ್ನೇ ಬಿಟ್ಟಿದ್ದಾರೆ. ಅವರಿಗೆ ನನ್ನದೊಂದು ಮಾತು: ಸಿನಿಮಾದಲ್ಲಿ ಕೊರತೆ ಇರುವುದು ಬರಹಗಾರರದ್ದು. ಅದಕ್ಕೆ ಬೇಕಾದದ್ದು ನೋಟ್‌ಬುಕ್, ಪೆನ್ನು ಮತ್ತು ಮುಲಾಜಿಲ್ಲದೆ ತಪ್ಪು ಹೇಳುವ ಇಬ್ಬರು ಸ್ನೇಹಿತರು. ಹತ್ತು ಪುಟ ಬರೆದು ಅವರಿಗೆ ಓದಿ ಹೇಳಿ. ಅವರು ಎಲ್ಲಿ ಆಕಳಿಸುತ್ತಾರೋ ಅಲ್ಲಿಂದ ಮತ್ತೆ ಬರೆಯಿರಿ.